ಮಾಗಡಿ ಕೆರೆಯ ಬಾತು, ನೀರ ಮೇಲಿನ ವಿಮಾನ

ಚಳಿಗಾಲದಲ್ಲಿ ಮಾಗಡಿ ಕೆರೆಯ ದಂಡೆಗೆ ಹೋದವರಿಗೆ ಪಟ್ಟೆತಲೆ ಹೆಬ್ಬಾತು ಹೊಸದಲ್ಲ. ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿ, ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಹತ್ತಿರ ಇರುವ ಕೆರೆ ಅದು. ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ನೀರಿನ ಮೇಲೆ ದಣಿವಾರಿಸಿಕೊಳ್ಳುತ್ತವೆ. ಅವು ಇಳಿಯುವುದು ನೋಡಲು ಚೆಂದ. ಕಾಲು ಮುಂದೆ ಚಾಚಿ, ನೀರನ್ನು ಗೀರುತ್ತ ಬಂದು ನಿಲ್ಲುತ್ತವೆ. ಏಳುವುದೇ ಕಷ್ಟದ ಕೆಲಸ. ಗಾಳಿಗೆ ಎದುರಾಗಿ, ರೆಕ್ಕೆ ಬಡಿಯುತ್ತ ನೀರಿನ ಮೇಲೆ ನಾಲ್ಕು ಹೆಜ್ಜೆ ಓಡಬೇಕು.

ನೀರಿನ ಮೇಲೆ ಇಳಿಯುವ ವಿಮಾನ, ಅಂದರೆ ಸೀಪ್ಲೇನ್, ಅದಕ್ಕೂ ಇದೇ ಪಾಡು. ನಮ್ಮ ರಾಜ್ಯಕ್ಕೆ ಅದು ಅಪರಿಚಿತವೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೈನಾ ಎಂಬ ದೊಡ್ಡ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುತ್ತಿದ್ದವು. ಬೆಳ್ಳಂದೂರು ಕೆರೆಯೇ ಅವುಗಳ ನಿಲ್ದಾಣ. ಇಂದು ಆ ಕೆರೆಯ ನೊರೆಯ ಸುದ್ದಿ ಓದುವ ಮಕ್ಕಳು ಇದನ್ನು ಅಜ್ಜನಿಂದ ಕೇಳಿದರೆ ನಂಬಲಿಕ್ಕಿಲ್ಲ! ಕ್ಯಾಟಲೈನಾದ ಹೊಟ್ಟೆಯೇ ದೋಣಿ. ಚಿಕ್ಕ ವಿಮಾನಕ್ಕಾದರೆ ಗಾಲಿ ಬಿಚ್ಚಿ, ಆ ಜಾಗದಲ್ಲಿ ಎರಡು ಫ್ಲೋಟ್ ಕಟ್ಟುತ್ತಾರೆ.

ಫ್ಲೋಟ್ ಎಷ್ಟು ದೊಡ್ಡದಿರಬೇಕು? ಪಾಟಿ ತೆಗೆದುಕೊಳ್ಳಿ. ಜನ, ಇಂಧನ, ಫ್ಲೋಟು ಎಲ್ಲ ಸೇರಿ ವಿಮಾನದ ತೂಕ 600 ಕಿಲೋ ಎನ್ನೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಹಾಗಾದರೆ 600 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ವಿಮಾನ ತೇಲುತ್ತದೆ. ಆದರೆ ಬರೀ ತೇಲಿದರೆ ಸಾಲದು; ಅಲೆ ಬಂದರೆ, ಒಂದು ಕಡೆ ವಾಲಿದರೆ? ಅದಕ್ಕೇ ಅಮೆರಿಕದ ವಿಮಾನ ನಿಯಮಗಳು ಬೇಕಾದುದಕ್ಕಿಂತ 80 ಪರ್ಸೆಂಟ್ ಹೆಚ್ಚು ಕೇಳುತ್ತ ಬಂದಿವೆ. ಅಂದರೆ 1080 ಲೀಟರ್, ಒಂದೊಂದು ಫ್ಲೋಟಿಗೆ 540. ನಿಮ್ಮ ಮನೆಯ ಕೊಡ 15 ಲೀಟರಿನದಾದರೆ ಒಂದು ಫ್ಲೋಟೆಂದರೆ 36 ಖಾಲಿ ಕೊಡ. ಒಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕೋಣೆಗಳಿರಬೇಕು ಎಂಬುದೂ 2017ರವರೆಗೆ ನಿಯಮವಾಗಿತ್ತು. ಒಂದು ಸೋರಿದರೆ ಉಳಿದವು ಕಾಯುತ್ತವೆ. ಹಾಗೆಂದು ಸಿಕ್ಕಷ್ಟು ದೊಡ್ಡ ಫ್ಲೋಟ್ ಕಟ್ಟುವಂತಿಲ್ಲ. ಅದರ ಭಾರವನ್ನು ಆಕಾಶದಲ್ಲೂ ಹೊರಬೇಕಲ್ಲ.

ಇನ್ನು ನೀರಿನ ಹಿಡಿತ. ಒದ್ದೆ ಕಟ್ಟೆಯ ಮೇಲೆ ಅಂಟಿದ ಸ್ಟೀಲ್ ತಟ್ಟೆಯನ್ನು ನೇರ ಎತ್ತಲು ನೋಡಿ, ಬರುವುದಿಲ್ಲ. ಅಂಚಿನಿಂದ ಒಂಚೂರು ಗಾಳಿ ಹೋದರೆ ಸಲೀಸಾಗಿ ಬರುತ್ತದೆ. ಫ್ಲೋಟಿನ ತಳದ ನಡುವೆ ಅದಕ್ಕಾಗಿಯೇ ಒಂದು ಮೆಟ್ಟಿಲು ಕತ್ತರಿಸಿರುತ್ತಾರೆ. ವೇಗ ಹೆಚ್ಚಿದಂತೆ ಮೆಟ್ಟಿಲ ಹಿಂದೆ ಗಾಳಿ ನುಗ್ಗುತ್ತದೆ, ನೀರು ಹಿಡಿತ ಬಿಡುತ್ತದೆ, ವಿಮಾನ ಎಸೆದ ಚಪ್ಪಟೆ ಕಲ್ಲಿನಂತೆ ನೀರ ಮೇಲೆ ಜಾರುತ್ತದೆ. ಕನ್ನಡಿಯಂತಹ ನಿಶ್ಚಲ ನೀರು ಪೈಲಟ್‌ಗೆ ಇಷ್ಟವಿಲ್ಲ. ಏಳುವಾಗ ನೀರು ಅಂಟುತ್ತದೆ, ಇಳಿಯುವಾಗ ಎತ್ತರ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ಅಲೆಗಳಿದ್ದರೇ ಒಳ್ಳೆಯದು.

ಈ ಓಟಕ್ಕೆ ಎಳೆತ ಕೊಡುವುದು ಪ್ರೊಪೆಲ್ಲರ್. ಮುಂಡರಗಿಯ ಕಡೆಯಿಂದ ಕಪ್ಪತಗುಡ್ಡ ನೋಡಿದವರು ಅಲ್ಲಿಯ ಗಾಳಿಯಂತ್ರಗಳನ್ನು ಬಲ್ಲರು. ಅಲ್ಲಿ ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ. ಇಲ್ಲಿ ಎಂಜಿನ್ ರೆಕ್ಕೆಯನ್ನು ತಿರುಗಿಸಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಓರೆ ಕಡಿಮೆಯಿದ್ದರೆ ಏರಿನಲ್ಲಿ ಸೈಕಲ್ಲಿನ ಕೆಳಗಿನ ಗೇರ್ ಹಾಕಿದಂತೆ: ಎಳೆತ ಜಾಸ್ತಿ, ಓಟ ಕಮ್ಮಿ. ಹೆಚ್ಚಿದ್ದರೆ ಮೇಲೆ ಹೋದ ಮೇಲೆ ಜೋರು, ನೀರಿನಲ್ಲಿ ಮಾತ್ರ ತಡಕಾಟ. ಒಂದೇ ಓರೆಯ ಪ್ರೊಪೆಲ್ಲರ್ ಕೊಳ್ಳುವವನಾದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನೇ ಆರಿಸುವೆ. ಹತ್ತು ನಿಮಿಷ ತಡವಾಗಿ ಊರು ಸೇರಬಹುದು, ಕೆರೆ ಮುಗಿಯುವುದರೊಳಗೆ ಏಳದಿದ್ದರೆ ಏನು ಗತಿ?

ಉದ್ದ ರೆಕ್ಕೆ ಎಳೆತಕ್ಕೆ ಒಳ್ಳೆಯದು, ಆದರೆ ಅದರ ತುದಿಗೂ ನೀರಿಗೂ ಒಂದೂವರೆ ಅಡಿಯಾದರೂ ಅಂತರ ಬೇಕು. ಆದ್ದರಿಂದ ಕೆಲವರು ಎರಡು ಉದ್ದ ರೆಕ್ಕೆಗಳ ಬದಲು ಮೂರು ಗಿಡ್ಡ ರೆಕ್ಕೆ ಹಾಕಿಸುತ್ತಾರೆ. ಅಡ್ಡಳತೆ 1.7 ಮೀಟರ್ ಇರುವ ಪ್ರೊಪೆಲ್ಲರ್ ಸೆಕೆಂಡಿಗೆ 40 ಸುತ್ತು ಸುತ್ತಿದರೆ ಅದರ ತುದಿ ಗಂಟೆಗೆ ಸುಮಾರು 770 ಕಿ.ಮೀ. ವೇಗದಲ್ಲಿರುತ್ತದೆ. ಆಗ ಸಿಡಿದ ನೀರಹನಿಯೂ ಹರಳಿನಂತೆ ಬಡಿದು ಅಂಚನ್ನು ತಿನ್ನುತ್ತದೆ. ಮರದ ರೆಕ್ಕೆಯಾದರೆ ಅಂಚಿಗೆ ಲೋಹದ ತಗಡಿನ ಕವಚ ಬೇಕೇ ಬೇಕು.

ಇಂಥ ವಿಮಾನವನ್ನು ನಮ್ಮ ಜಿಲ್ಲೆಯಲ್ಲಿ ಇಳಿಸುವುದಾದರೆ ಎಲ್ಲಿ? ತುಂಗಭದ್ರೆಗೆ ಹಮ್ಮಿಗಿಯಲ್ಲಿ ಕಟ್ಟಿದ ಬ್ಯಾರೇಜಿನ ಹಿನ್ನೀರನ್ನು ಯಾರಾದರೂ ಅಳೆದು ನೋಡಲಿ. ಮಾಗಡಿ ಕೆರೆ ಮಾತ್ರ ಬೇಡ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿದೆ. ಅಲ್ಲಿ ಇಳಿಯುವ ಹಕ್ಕು ಹೆಬ್ಬಾತುಗಳದು. ಅವುಗಳಿಗೆ ಇನ್ನೊಂದು ಅನುಕೂಲವೂ ಇದೆ. ಸೀಪ್ಲೇನಿನ ಪೈಲಟ್ ಹಾರುವ ಮೊದಲು ಫ್ಲೋಟಿನ ಒಂದೊಂದು ಕೋಣೆಗೂ ಕೈಪಂಪು ಹಾಕಿ, ಸೋರಿ ಬಂದ ನೀರನ್ನು ಹೊರಗೆ ಚೆಲ್ಲಬೇಕು. ಬಾತು ಗರಿ ಒಮ್ಮೆ ಕೊಡವಿದರೆ ಆಯಿತು.