ನೀರಿನ ಬಾಟಲಿ, ರಕ್ತದ ಚೀಲ

ಹೆದ್ದಾರಿ ಪಕ್ಕದ ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಗೆ ರಾತ್ರಿ ಹತ್ತಾದ ಮೇಲೆಯೇ ಕೈತುಂಬ ಕೆಲಸ. 108ರ ಹಿಂಬಾಗಿಲು ತೆರೆದ ಸದ್ದಿನ ಬೆನ್ನಿಗೇ ಸ್ಟ್ರೆಚರ್ ಗಾಲಿಗಳ ಕಿರುಗುಟ್ಟುವಿಕೆ, ಡೀಸೆಲ್ಲು, ಸ್ಪಿರಿಟ್ಟು, ಹಸಿ ರಕ್ತದ ವಾಸನೆ ಎಲ್ಲವೂ ಒಟ್ಟಿಗೆ ಒಳನುಗ್ಗುತ್ತವೆ. ಬೈಕಿನಿಂದ ಬಿದ್ದ ಹುಡುಗ. ತೊಡೆಗೆ ಬಿಗಿದ ಟವೆಲು ತೊಯ್ದು ಕಪ್ಪಾಗಿದೆ, ತುಟಿ ಬಿಳಿಚಿದೆ. ಒಬ್ಬ ಸಿಸ್ಟರ್ ಪ್ಯಾಂಟು ಕತ್ತರಿಸುತ್ತಿದ್ದರೆ, ಇನ್ನೊಬ್ಬರು ತಣ್ಣಗಾದ ಕೈಯನ್ನು ತಟ್ಟಿ ತಟ್ಟಿ ನರ ಹುಡುಕುತ್ತಾರೆ. ದಪ್ಪ ಸೂಜಿ ಇಳಿಯುತ್ತದೆ, ಮೇಲೆ ಬಾಟಲಿ ತೂಗುತ್ತದೆ.

ಗೋಡೆಗೊರಗಿ ನಿಂತು ನೋಡಿ: ಡಾಕ್ಟರ ಹೆಬ್ಬೆರಳು ಡ್ರಿಪ್ಪಿನ ಗಾಲಿಯನ್ನು ಪೂರ್ತಿ ಬಿಡುವುದಿಲ್ಲ. ಹುಡುಗನ ತಲೆಗೆ ಪೆಟ್ಟಿಲ್ಲ. ಮೇಲಿನ ಬಿಪಿ 80–90ರಲ್ಲಿ ನಿಂತರೆ ರಕ್ತ ಕಟ್ಟುವವರೆಗೆ ಅವರಿಗೆ ಸಾಕು. ಲೀಟರಿಗೆ 9 ಗ್ರಾಂ ಉಪ್ಪಿನ ಈ ನೀರು ಮಾನಿಟರಿನ ಅಂಕಿಯನ್ನೇನೋ ಏರಿಸುತ್ತದೆ. ಆದರೆ ಒತ್ತಡ ಏರಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತೀತು, ಉಳಿದ ರಕ್ತ ತೆಳುವಾಗಿ ಹೆಪ್ಪುಗಟ್ಟುವುದನ್ನೇ ಮರೆತೀತು. ಸುರಿದ ನೀರೂ ನಾಳದೊಳಗೆ ಹೆಚ್ಚು ಹೊತ್ತು ನಿಲ್ಲದೆ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಹಾಗೆ ಬಾಟಲಿಗಟ್ಟಲೆ ನೀರು ಏರಿಸಿಕೊಂಡು ಬದುಕಿದ ಸೈನಿಕರಲ್ಲಿ ಕೆಲವರು ದಿನವೆರಡು ದಿನದಲ್ಲೇ ಉಸಿರಿಗೆ ಒದ್ದಾಡತೊಡಗಿದರು. ಅಲ್ಲಿನ ವೈದ್ಯರ ಬಾಯಲ್ಲಿ ಅದು ‘ಡಾ ನಾಂಗ್ ಲಂಗ್’. 1967ರಲ್ಲಿ ಡೆನ್ವರಿನ ವೈದ್ಯರು ಇಂಥದೇ ಒದ್ದಾಟದ 12 ರೋಗಿಗಳ ವಿವರವನ್ನು ‘ಲ್ಯಾನ್ಸೆಟ್’ನಲ್ಲಿ ಬರೆದರು, ಇಂದು ಐಸಿಯುಗಳಲ್ಲಿ ಎಆರ್‌ಡಿಎಸ್ ಎನ್ನುವುದು ಅದನ್ನೇ.

ಈಗ ಚೀಟಿ ಹಿಡಿದು ಓಡುವ ಅಟೆಂಡರ್ ಹಿಂದೆ ರಕ್ತನಿಧಿಗೆ ಹೋಗೋಣ. ಕೆಂಪುಕಣದ ಚೀಲಗಳು 2ರಿಂದ 6 ಡಿಗ್ರಿಯ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿವೆ. ಜೇನುಬಣ್ಣದ ಪ್ಲೇಟ್‌ಲೆಟ್ ಚೀಲಗಳು ಕೋಣೆಯ ಬೆಚ್ಚಗಿನಲ್ಲೇ, ಹಗಲುರಾತ್ರಿ ಅಲುಗುವ ತಟ್ಟೆಯ ಮೇಲೆ ಸದಾ ಓಲಾಡುತ್ತವೆ. ಅವುಗಳ ಆಯುಷ್ಯ 5 ದಿನ. ಕಲ್ಲಿನಂತೆ ಗಟ್ಟಿಯಾದ ಪ್ಲಾಸ್ಮಾ 37 ಡಿಗ್ರಿಯ ನೀರಿನಲ್ಲಿ ಮೆಲ್ಲನೆ ಕರಗುತ್ತಿದೆ. ಟೆಕ್ನಿಷಿಯನ್ ಗಡಿಯಾರ ನೋಡುತ್ತಾರೆ, ಅಟೆಂಡರ್ ಕಾಲು ಬದಲಿಸುತ್ತಾನೆ.

ಮೂರನ್ನೂ ಸಮಸಮ ಕೊಟ್ಟು ನೋಡಿದ್ದೂ ಆಗಿದೆ. ಉತ್ತರ ಅಮೆರಿಕದ 12 ಆಸ್ಪತ್ರೆಗಳ 680 ಗಾಯಾಳುಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು: ಒಟ್ಟು ಸಾವಿನಲ್ಲಿ ಖಚಿತ ಅಂತರ ಕಾಣಲಿಲ್ಲ, ಆದರೆ ಮೊದಲ 24 ಗಂಟೆಯಲ್ಲಿ ರಕ್ತಸ್ರಾವದಿಂದ ಸತ್ತವರು ಕೆಂಪುಕಣ ಇಮ್ಮಡಿ ಪಡೆದ ಗುಂಪಿನಲ್ಲಿ ಶೇ 14.6, ಸಮಪಾಲಿನ ಗುಂಪಿನಲ್ಲಿ ಶೇ 9.2. ಪ್ಲಾಸ್ಮಾದ ಮಹಿಮೆ ಇನ್ನೂ ಒಳಗಿದೆ. ಕೆರೆಗಲ್ಲಿನ ಪಾಚಿಯಂತೆ ರಕ್ತನಾಳದ ಒಳಮೈಗೆ ನವಿರಾದ ಲೇಪವೊಂದಿದೆ. ವಿಪರೀತ ರಕ್ತ ಹೋದಾಗ ಅದು ಕಿತ್ತುಬರುತ್ತದೆ, ಶ್ವಾಸಕೋಶ ಸೋರುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಪ್ಲಾಸ್ಮಾ ಆ ಲೇಪವನ್ನು ಬಹುಮಟ್ಟಿಗೆ ಮರಳಿಸಿತು, ಬರಿಯ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ಪಿನ ನೀರಿಗೆ ಅದು ಆಗಲಿಲ್ಲ. ಹಾಗೆಂದು ರಕ್ತವೂ ಪೂರ್ತಿ ನಿರಪಾಯವಲ್ಲ. ಅಪರೂಪಕ್ಕೆ ಅದೇ ಶ್ವಾಸಕೋಶವನ್ನು ಕೆಡಿಸುವುದುಂಟು.

ಕ್ಯಾಶುವಾಲ್ಟಿ ಬಾಗಿಲಲ್ಲಿ ಹುಡುಗನ ಚಿಕ್ಕಪ್ಪ ಕೈಮುಗಿದು ನಿಂತಿದ್ದಾರೆ. “ಸಾರ್, ಇನ್ನೆರಡು ಬಾಟ್ಲಿ ಗ್ಲೂಕೋಸ್ ಜೋರಾಗಿ ಬಿಡಿ ಸಾರ್.”

“ನೀರು ಸಾಕು ಯಜಮಾನ್ರೇ,” ಎನ್ನುತ್ತಾರೆ ಡಾಕ್ಟರು. “ರಕ್ತಕ್ಕೆ ಕಳ್ಸಿದೀವಿ. ಬೆಳಿಗ್ಗೆಯೊಳಗೆ ರಕ್ತ ಕೊಡೋಕೆ ನಾಲ್ಕು ಜನ ಹುಡುಗರನ್ನ ಕರ್ಕೊಂಡು ಬನ್ನಿ.”