ಮಾತಿಲ್ಲದ ವಸಂತಸೇನೆ

ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’, ಕನ್ನಡನಾಡಿನ ಚಲನಚಿತ್ರ ಚರಿತ್ರೆಯ ಮೊದಲ ಪುಟಗಳಲ್ಲಿ ಬರುವ ಮೂಕಿ ಚಿತ್ರ. 1930ರ ಆಸುಪಾಸಿನಲ್ಲಿ, ಪವಾಡಗಳೂ ಕತ್ತಿವರಸೆಯೂ ಪರದೆಯನ್ನು ಆಳುತ್ತಿದ್ದಾಗ, ಸಂಸ್ಕೃತದ ಶ್ರೇಷ್ಠ ನಾಟಕವೊಂದನ್ನು ಕಲಾಚಿತ್ರವಾಗಿಸಲು ಹೊರಟದ್ದು ದೊಡ್ಡ ಧೈರ್ಯವೇ ಸರಿ.

ನಾಟಕಕ್ಕೆ ಹತ್ತು ಅಂಕಗಳು. ಉಜ್ಜಯಿನಿಯ ಗಣಿಕೆ ವಸಂತಸೇನೆ, ಬಡವನಾದ ಚಾರುದತ್ತನಿಗೆ ಒಲಿಯುತ್ತಾಳೆ. ರಾಜನ ಮೈದುನ ಶಕಾರ ಅವಳ ಕತ್ತು ಹಿಸುಕಿ, ಸತ್ತಳೆಂದು ಬಗೆದು, ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಪಾತ್ರಕ್ಕೊಂದು ಬಗೆಯ ಪ್ರಾಕೃತ, ಶಕಾರನ ತಪ್ಪುತಪ್ಪು ಪುರಾಣಜ್ಞಾನ: ಈ ನಾಟಕದ ಅರ್ಧ ಸೊಗಸು ಮಾತಿನದು. ಮೂಕಿಯಲ್ಲಿ ಅದಕ್ಕೆ ಜಾಗವಿಲ್ಲ. ನಡುನಡುವೆ ಬರುವ ಬರಹದ ಫಲಕಗಳಷ್ಟೇ ಆಸರೆ. ಉಳಿದುದೆಲ್ಲ ಮುಖ, ಕೈ, ನಡಿಗೆಗಳ ಕೆಲಸ.

ಮಾತಿಲ್ಲದೆ ಕಥೆ ಹೇಳುವುದು ಈ ನಾಡಿಗೆ ಹೊಸದಲ್ಲ. ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತಗಳನ್ನು ನೋಡುತ್ತ ನಡೆಯುತ್ತಾರೆ. ಬೇಲೂರಿನ ಮದನಿಕೆಯರ ಭಾವ ಭಂಗಿಯಲ್ಲೇ ತಿಳಿಯುತ್ತದೆ. ಕಲ್ಲಿನಲ್ಲಿ ಕಥೆ ಚಲಿಸುವುದು ನೋಡುವವರ ಹೆಜ್ಜೆಯಿಂದ, ಮೂಕಿಯಲ್ಲಿ ರೀಲಿನಿಂದ.

ಚಿತ್ರದ ನಿಜವಾದ ಹೆಗ್ಗಳಿಕೆ ಅದರ ಕಲಾವಿದರು. ‘ಶಿರಾಜ್’ (1928) ಚಿತ್ರದಲ್ಲಿ ನಟಿಸಿದ್ದ ಏಣಾಕ್ಷಿ ರಾಮರಾವ್ ಇದರಲ್ಲಿದ್ದರು. ಮುಂದೆ ಅವರು ಭವನಾನಿಯವರನ್ನು ಮದುವೆಯಾಗಿ, ಭಾರತೀಯ ನೃತ್ಯದ ಬಗ್ಗೆ ಪುಸ್ತಕ ಬರೆದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಬಣ್ಣ ಹಚ್ಚಿದರು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಎದುರು ನಿಲ್ಲುವುದನ್ನು ಸಮಾಜ ಸಹಿಸದಿದ್ದ ದಿನಗಳವು. ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದ್ದ, ಮುಂದೆ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟ ಕಮಲಾದೇವಿಯವರ ಈ ಹೆಜ್ಜೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಮನೆಮಾತಿನ ಕನ್ನಡವನ್ನು ರಂಗಕ್ಕೆ ತಂದ ಟಿ. ಪಿ. ಕೈಲಾಸಂ ಕೂಡ ಈ ಮಾತಿಲ್ಲದ ಚಿತ್ರದಲ್ಲಿ ಪಾಲ್ಗೊಂಡರು.

1931ರಲ್ಲಿ ‘ಆಲಂ ಆರಾ’ ಬಂದ ಮೇಲೆ ಮೂಕಿಯ ಕಾಲ ಮುಗಿಯುತ್ತ ಬಂತು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದಲ್ಲೇ ಮಾತಾಡಿತು. ಅರ್ಧ ಶತಮಾನದ ನಂತರ ಗಿರೀಶ ಕಾರ್ನಾಡರು ಇದೇ ವಸಂತಸೇನೆಯ ಕಥೆಯನ್ನು ‘ಉತ್ಸವ್’ (1984) ಹಿಂದಿ ಚಿತ್ರವಾಗಿಸಿದರು.

ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ಬಹುಪಾಲು ಹಾಳಾಗಿವೆ. ಬೇಗ ಹೊತ್ತಿಕೊಳ್ಳುವ, ಕೊಳೆಯುವ ನೈಟ್ರೇಟ್ ಫಿಲ್ಮ್ ಇದಕ್ಕೆ ಒಂದು ಕಾರಣ. ಹಳೆಯ ಮನೆಗಳ ಅಟ್ಟದಲ್ಲಿ ಆ ಕಾಲದ ಚಿತ್ರಗಳ ಕರಪತ್ರವೋ ಫೋಟೊವೋ ಸಿಕ್ಕರೆ ರದ್ದಿಗೆ ಹಾಕದೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಗಮನಕ್ಕೆ ತನ್ನಿ.