ತಾಳೆ ನೋಡಬಹುದಾದ ಪಿಚ್

ಸ್ಟಾರ್ಟಪ್‌ಗೆ ಬಂಡವಾಳ ಹುಡುಕಲು ಹೊರಟವರು ಪಿಚ್ ಡೆಕ್‌ನ ಬಣ್ಣ, ಅಕ್ಷರ, ಚಿತ್ರಗಳಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಓದುವವರು ಕೊಡುವ ಸಮಯ ಮಾತ್ರ ಬಹಳ ಕಡಿಮೆ. ಡಾಕ್‌ಸೆಂಡ್ ಎಂಬ ಕಂಪನಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಟಾಮ್ ಐಸೆನ್‌ಮನ್ ಜೊತೆ ಸೇರಿ 200 ಸ್ಟಾರ್ಟಪ್‌ಗಳನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೂಡಿಕೆದಾರರು ಒಂದು ಡೆಕ್ ನೋಡಲು ತೆಗೆದುಕೊಂಡ ಸರಾಸರಿ ಸಮಯ 3 ನಿಮಿಷ 44 ಸೆಕೆಂಡ್. ಅವರ ಕಣ್ಣು ಹೆಚ್ಚು ಹೊತ್ತು ನಿಂತದ್ದು ಹಣಕಾಸಿನ ಲೆಕ್ಕ, ತಂಡ ಮತ್ತು ಪ್ರತಿಸ್ಪರ್ಧಿಗಳ ಪುಟಗಳ ಮೇಲೆ. ಈ ಮೂರೂ, ಹೂಡಿಕೆದಾರರು ತಾವೇ ವಿಚಾರಿಸಿ ಖಚಿತಪಡಿಸಿಕೊಳ್ಳಬಹುದಾದ ಸಂಗತಿಗಳು. ಸ್ಲೈಡ್ ಹತ್ತೇ ಇರಬೇಕು, ಮಾತು ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು, ಅಕ್ಷರ ದೊಡ್ಡದಿರಬೇಕು ಎಂದು ಲೇಖಕ, ಹೂಡಿಕೆದಾರ ಗೈ ಕವಾಸಾಕಿ ಹೇಳಿದ ಸೂತ್ರ ಒಳ್ಳೆಯದೇ, ಪಾಲಿಸಿದರೆ ನಷ್ಟವೇನಿಲ್ಲ. ಆದರೆ ಪಿಚ್‌ನ ಜೀವಾಳ ಇರುವುದು ಬೇರೆ ಕಡೆ: ಕೇಳುಗ ತನ್ನ ಕೈಯಾರೆ ತಾಳೆ ನೋಡಬಹುದಾದ ಒಂದು ಲೆಕ್ಕದಲ್ಲಿ.

ಹೆಚ್ಚಿನ ಡೆಕ್‌ಗಳು ಮುಗ್ಗರಿಸುವುದು ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಹೇಳುವ ಪುಟದಲ್ಲಿ. ದೇಶದ ಒಟ್ಟು ವಹಿವಾಟು ಇಷ್ಟು ಸಾವಿರ ಕೋಟಿ, ಅದರಲ್ಲಿ ಶೇ. 1ರಷ್ಟು ಸಿಕ್ಕರೂ ಸಾಕು ಎಂದು ಬರೆದುಬಿಡುತ್ತಾರೆ. ಆ ಒಂದು ಪಾಲು ಯಾಕೆ ಸಿಗುತ್ತದೆ, ಯಾರಿಂದ ಸಿಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ. ಇದನ್ನು ತಳದಿಂದ ಎಣಿಸಿದರೆ ಏನಾಗುತ್ತದೆ ನೋಡೋಣ. ಮಲೆನಾಡಿನ ಅಡಿಕೆ ತೋಟಗಳಿಗೆ ಡ್ರೋನ್‌ನಿಂದ ಬೋರ್ಡೋ ದ್ರಾವಣ ಸಿಂಪಡಿಸುವ ಕಂಪನಿಯೊಂದನ್ನು ಕಲ್ಪಿಸಿಕೊಳ್ಳಿ. ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ, ಕೊಳೆರೋಗ ಬಿಡುತ್ತಿಲ್ಲ, ಸಮಸ್ಯೆ ನಿಜವಾದದ್ದು. ಆದರೆ ಮದ್ದು ಹೊಡೆಯುವುದು ಮಳೆಗಾಲದ ಆರಂಭದಲ್ಲೊಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ, ಅದೂ ಮಳೆ ಹೊಳವಾದಾಗ ಮಾತ್ರ. ಅಂಥ ದಿನಗಳು ಇಡೀ ಹಂಗಾಮಿನಲ್ಲಿ 25 ಸಿಗುತ್ತವೆ, ದಿನಕ್ಕೆ 6 ಎಕರೆ ಮುಗಿಯುತ್ತದೆ, ಎಕರೆಗೆ 1,500 ರೂಪಾಯಿ ಬರುತ್ತದೆ ಎಂದಿಟ್ಟುಕೊಂಡರೆ ಒಂದು ಡ್ರೋನ್ ದುಡಿಯುವುದು 2.25 ಲಕ್ಷ ರೂಪಾಯಿ. ಡ್ರೋನ್‌ಗೂ ಅದರ ಸಲಕರಣೆಗೂ 8 ಲಕ್ಷ ಬಿದ್ದರೆ, ನಡೆಸುವವನ ಸಂಬಳ ಲೆಕ್ಕಕ್ಕೆ ಹಿಡಿಯದೆಯೂ ಹಾಕಿದ ಹಣ ಹುಟ್ಟಲು ಮೂರೂವರೆ ವರ್ಷ ಬೇಕು. ‘ಶೇ. 1’ರ ಸ್ಲೈಡಿನಲ್ಲಿ ಎಂದೂ ಕಾಣದಿದ್ದ ಪ್ರಶ್ನೆ ಇಲ್ಲಿ ಎದುರಿಗೇ ಬಂದು ನಿಲ್ಲುತ್ತದೆ: ಉಳಿದ ಒಂಬತ್ತು ತಿಂಗಳು ಈ ಡ್ರೋನ್ ಏನು ಮಾಡುತ್ತದೆ? ಉತ್ತರ ಭತ್ತದ ಗದ್ದೆಯಲ್ಲಿರಬಹುದು, ಡ್ರೋನ್‌ಗಳನ್ನು ಸಹಕಾರ ಸಂಘಗಳಿಗೆ ಬಾಡಿಗೆಗೆ ಕೊಡುವುದರಲ್ಲಿರಬಹುದು. ಅದನ್ನು ಮೊದಲೇ ಯೋಚಿಸಿ ಬಂದವರ ಮೇಲೆ ಹೂಡಿಕೆದಾರರಿಗೆ ಹುಟ್ಟುವ ಭರವಸೆಯೇ ಬೇರೆ.

ಇನ್ನೂ ಒಂದು ರೂಪಾಯಿ ವ್ಯಾಪಾರ ಮಾಡದವರು ಅಂಕಿ ಎಲ್ಲಿಂದ ತರಬೇಕು ಎಂಬ ಆಕ್ಷೇಪ ಸಹಜವೇ. ಏರ್‌ಬಿಎನ್‌ಬಿ ತನ್ನ ಆರಂಭದ ದಿನಗಳಲ್ಲಿ ತೋರಿಸಿದ ಡೆಕ್ ಇದಕ್ಕೆ ಒಳ್ಳೆಯ ಉತ್ತರ. ಅಪರಿಚಿತರ ಮನೆಯಲ್ಲಿ ಜನ ದುಡ್ಡು ಕೊಟ್ಟು ಮಲಗುತ್ತಾರೆಯೇ ಎಂಬುದೇ ಆಗಿನ ದೊಡ್ಡ ಅನುಮಾನ. ತಮ್ಮ ಬಳಿ ಪುರಾವೆ ಹೆಚ್ಚಿಲ್ಲದ ಸ್ಥಾಪಕರು ಬೇರೆಯವರ ಪುರಾವೆ ತಂದರು. ಅಪರಿಚಿತರ ಮನೆಯಲ್ಲಿ ಉಚಿತವಾಗಿ ತಂಗಲು ನೆರವಾಗುತ್ತಿದ್ದ ಕೌಚ್‌ಸರ್ಫಿಂಗ್‌ಗೆ ಆಗಲೇ ಆರು ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದರು. ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣದಲ್ಲಿ ತಾತ್ಕಾಲಿಕ ಬಾಡಿಗೆಯ ಜಾಹೀರಾತುಗಳು ಸಾವಿರಗಟ್ಟಲೆ ಬರುತ್ತಿದ್ದವು. ಈ ಎರಡನ್ನೂ ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಆದಾಯದ ಮಾತಂತೂ ಒಂದೇ ಸಾಲು: ಪ್ರತಿ ಬುಕಿಂಗ್‌ಗೆ ಶೇ. 10 ಕಮಿಷನ್.

ಅಷ್ಟೆಲ್ಲ ಇದ್ದೂ ಏರ್‌ಬಿಎನ್‌ಬಿ ತಿರಸ್ಕೃತವಾಯಿತಲ್ಲ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. 2008ರ ಜೂನ್‌ನಲ್ಲಿ ಅವರು 15 ಲಕ್ಷ ಡಾಲರ್ ಮೌಲ್ಯಕ್ಕೆ 1.5 ಲಕ್ಷ ಡಾಲರ್ ಕೇಳಿದಾಗ, ಪರಿಚಯವಾದ ಏಳು ಹೂಡಿಕೆದಾರರಲ್ಲಿ ಐವರು ಆಗುವುದಿಲ್ಲ ಎಂದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಆ ಇಮೇಲ್‌ಗಳನ್ನು ಸ್ಥಾಪಕ ಬ್ರಯಾನ್ ಚೆಸ್ಕಿ 2015ರಲ್ಲಿ ತಾವೇ ಪ್ರಕಟಿಸಿದ್ದಾರೆ. ಮಾರುಕಟ್ಟೆ ನಮಗೆ ಸಾಕಾಗುವಷ್ಟು ದೊಡ್ಡದಾಗಿ ಕಾಣುತ್ತಿಲ್ಲ ಎಂಬ ಧಾಟಿಯ ಉತ್ತರವೂ ಅವುಗಳಲ್ಲಿದೆ. ಒಳ್ಳೆಯ ಪಿಚ್ ಹಣ ತಂದೇ ತರುತ್ತದೆ ಎಂದು ನಾನು ವಾದಿಸುವುದಿಲ್ಲ. ಅದರ ಉಪಯೋಗ ಬೇರೆ: ‘ಇಲ್ಲ’ ಎನ್ನುವವರೂ ಯಾವ ಅಂಕಿಯನ್ನು ನಂಬಲಿಲ್ಲ ಎಂದು ಹೇಳುವಂತಾಗುತ್ತದೆ, ಮುಂದೆ ಯಾವುದನ್ನು ಸಾಬೀತು ಮಾಡಬೇಕು ಎಂಬುದು ಗೊತ್ತಾಗುತ್ತದೆ. ಏರ್‌ಬಿಎನ್‌ಬಿ ಸ್ಥಾಪಕರು 2009ರ ಆರಂಭದಲ್ಲಿ ಹೊಸ ಸ್ಟಾರ್ಟಪ್‌ಗಳಿಗೆ ನೆರವಾಗುವ ವೈ ಕಾಂಬಿನೇಟರ್ ಸೇರಿದರು, ನ್ಯೂಯಾರ್ಕ್‌ನ ಮನೆಮಾಲೀಕರನ್ನು ಖುದ್ದಾಗಿ ಕಂಡರು, ಗಳಿಕೆ ಏರತೊಡಗಿತು. ಅದೇ ವರ್ಷ ಹೂಡಿಕೆ ಸಂಸ್ಥೆ ಸಿಕೋಯಾ ಸುಮಾರು 6 ಲಕ್ಷ ಡಾಲರ್ ಹೂಡಿತು.

ಹೂಡಿಕೆದಾರರು ನೋಡುವುದು ಮನುಷ್ಯರನ್ನು, ಅವರ ಕಣ್ಣಿನ ಹೊಳಪನ್ನು, ಅಂಕಿಗಳನ್ನಲ್ಲ ಎನ್ನುವವರಿದ್ದಾರೆ. ಮೊದಲ ಹಂತದಲ್ಲಿ ತಂಡದ ತೂಕ ಹೆಚ್ಚು ಎಂಬುದು ನಿಜ. ಆದರೆ ಹೊಳಪನ್ನಷ್ಟೇ ನಂಬಿದವರ ಗತಿಯನ್ನು ಥೆರಾನೋಸ್ ತೋರಿಸಿದೆ. ಒಂದೆರಡು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದ ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಮಾತಿಗೆ ದೊಡ್ಡ ದೊಡ್ಡವರು ಮರುಳಾದರು. 2014ರಲ್ಲಿ 10 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಬರುತ್ತದೆ ಎಂದು ಹೂಡಿಕೆದಾರರಿಗೆ ಹೇಳಿದ್ದ ಕಂಪನಿಗೆ ಬಂದದ್ದು 1 ಲಕ್ಷ ಡಾಲರ್‌ಗಿಂತ ತುಸು ಹೆಚ್ಚು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2018ರಲ್ಲಿ ಆರೋಪಿಸಿದರು. ಹೂಡಿಕೆದಾರರನ್ನು ವಂಚಿಸಿದ ಅಪರಾಧ ಹೋಮ್ಸ್ ವಿರುದ್ಧ 2022ರ ಜನವರಿಯಲ್ಲಿ ಸಾಬೀತಾಯಿತು. ಆ ಹಗರಣದ ನಂತರವೂ ಉತ್ಸಾಹಕ್ಕೆ ಬೆಲೆಯಿದೆ, ಇರಲಿ. ಅದರ ಹಿಂದೆ ಕಾಗದಪತ್ರವೂ ಇರಬೇಕಷ್ಟೆ.

ಈ ಮಾತು ನಮ್ಮ ಊರುಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ತೀರ್ಪುಗಾರರ ಮುಂದೆ ಪಿಚ್ ಮಾಡಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಇಂಗ್ಲಿಷ್ ಅರಳು ಹುರಿದಂತೆ ಬರುವುದಿಲ್ಲ ಎಂಬ ಅಳುಕಿನಿಂದಲೇ ಇಂಥ ವೇದಿಕೆಗಳಿಂದ ದೂರ ಉಳಿದರೆ ಅದು ದೊಡ್ಡ ನಷ್ಟ. ನಿರರ್ಗಳ ಮಾತಿಗೆ ಅನುಕೂಲವಿಲ್ಲ ಎಂದರೆ ಸುಳ್ಳಾದೀತು. ಆದರೆ ಮಳೆ ಹೊಳವಾಗುವ ದಿನಗಳೆಷ್ಟು, ಕೊನೆಗಾರರ ಕೂಲಿ ಎಷ್ಟು, ಸಹಕಾರ ಸಂಘ ಯಾವ ತಿಂಗಳಲ್ಲಿ ಹಣ ಪಾವತಿಸುತ್ತದೆ ಎಂಬುದು ತೀರ್ಥಹಳ್ಳಿಯವರಿಗೆ ಗೊತ್ತಿರುವಷ್ಟು ಕೋರಮಂಗಲದವರಿಗೆ ಗೊತ್ತಿರುವುದಿಲ್ಲ, ಮತ್ತು ಲೆಕ್ಕದ ಗಟ್ಟಿತನ ಬರುವುದು ಇಂಥ ತಿಳಿವಳಿಕೆಯಿಂದಲೇ.

ಕೊನೆಯ ಪುಟದಲ್ಲಿ ಹಣ ಕೇಳುವಾಗಲೂ ಇದೇ ಶಿಸ್ತು ಬೇಕು. ‘ವಿಸ್ತರಣೆಗಾಗಿ 1 ಕೋಟಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದರ ಬದಲು ನಮ್ಮ ಡ್ರೋನ್ ಕಂಪನಿಯ ಕೋರಿಕೆ ಹೀಗಿರಲಿ: ನಾಲ್ಕು ಡ್ರೋನ್, ಎರಡು ತಾಲ್ಲೂಕು, ಒಂದು ಮಳೆಗಾಲ. ಅಕ್ಟೋಬರ್ ಹೊತ್ತಿಗೆ ಮೊದಲ ಸುತ್ತಿಗೆ ಕರೆದ ಬೆಳೆಗಾರರಲ್ಲಿ ಎಷ್ಟು ಜನ ಎರಡನೇ ಸುತ್ತಿಗೂ ಕರೆದರು ಎಂಬ ಪಟ್ಟಿಯನ್ನು ನಿಮ್ಮ ಮುಂದಿಡುತ್ತೇವೆ, ಅರ್ಧಕ್ಕಿಂತ ಕಡಿಮೆಯಿದ್ದರೆ ಮುಂದಿನ ಕಂತು ಕೇಳುವುದಿಲ್ಲ ಎಂದು ಬರೆದರೆ, ಕೊಡುವವರಿಗೂ ಕೇಳುವವರಿಗೂ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರುತ್ತದೆ.